ಜತ್ತದ ಹಿತ್ತಿಲಿನ ಕಡೆಗಾಲದ ಗುಲಾಬಿ

ಜತ್ತ ತಾಲ್ಲೂಕಿನ ಹೆಸರು ಹೇಳಿದೊಡನೆ ನೆನಪಿಗೆ ಬರುವುದು ಬರಗಾಲ. ಇತ್ತೀಚೆಗೆ ದಾಳಿಂಬೆ ಮತ್ತು ದ್ರಾಕ್ಷಿ. ಗುಲಾಬಿಯನ್ನು ಯಾರೂ ನೆನೆಯುವುದಿಲ್ಲ. ಆದರೂ ಉಮದಿ, ಸಂಖ, ಬಿಳೂರಗಳ ಕಡೆಯ ಮನೆಗಳ ಹಿತ್ತಿಲಲ್ಲಿ, ಪಾತ್ರೆ ತೊಳೆದ ನೀರು ಹರಿಯುವ ಮೂಲೆಯಲ್ಲಿ, ಒಂದೆರಡು ಗುಲಾಬಿ ಗಿಡಗಳು ಕಾಣಸಿಗುವುದು ಅಪರೂಪವಲ್ಲ. ಆ ಗಿಡದ ಹಿಂದಿರುವ ಚರಿತ್ರೆಯನ್ನು ಕುರಿತು ಇಲ್ಲಿ ನಾಲ್ಕು ಮಾತು.

ನಮ್ಮ ಬಯಲುಸೀಮೆಯಲ್ಲಿ ಗುಲಾಬಿಯದು ಚಳಿಗಾಲದ ವೈಭವ. ದಸರೆಯ ಸುಮಾರಿಗೆ ಟೊಂಗೆ ಸವರಿದರೆ ಆರೇಳು ವಾರಗಳಲ್ಲಿ, ಗುಡ್ಡಾಪುರದ ದಾನಮ್ಮದೇವಿಯ ಛಟ್ಟಿ ಅಮಾವಾಸ್ಯೆಯ ಜಾತ್ರೆಯ ಹೊತ್ತಿಗೆ, ಮೊದಲ ಹೂಗಳು ಬಿಡುತ್ತವೆ. ಪುಷ್ಯ ಮಾಘಗಳಲ್ಲಿ ಅವು ತುಂಬಿ ಅರಳುತ್ತವೆ. ಹೋಳಿ ಹುಣ್ಣಿಮೆ ಸಮೀಪಿಸಿದಂತೆ ಹೂ ಚಿಕ್ಕದಾಗುತ್ತದೆ. ಬೆಳಿಗ್ಗೆ ಅರಳಿದ್ದರ ಅಂಚು ಮಧ್ಯಾಹ್ನಕ್ಕೆ ಕಂದುತ್ತದೆ. ಈ ಕಡೆಗಾಲದ ಹೂವನ್ನು ಗಿಡದಲ್ಲಿ ಬಿಟ್ಟರೆ ಒಂದು ದಿನ, ಕೊಯ್ದು ನೆರಳಿನ ಕೋಣೆಯಲ್ಲಿ ನೀರಿನಲ್ಲಿಟ್ಟರೆ ನಾಲ್ಕೈದು ದಿನ.

ನಮ್ಮ ಮನೆಯಲ್ಲಿ ಹೂವಿಗೆ ಎರಡೇ ಸ್ಥಾನಗಳಿದ್ದವು: ದೇವರ ಜಗಲಿ ಮತ್ತು ಹೆಣ್ಣುಮಕ್ಕಳ ಮುಡಿ. ಬಾಲ್ಯದಲ್ಲಿ ನಾನೊಮ್ಮೆ ಹಿತ್ತಾಳೆಯ ತಂಬಿಗೆಯಲ್ಲಿ ಗುಲಾಬಿಯಿಟ್ಟಾಗ ಅವ್ವ, “ದೇವರಿಗೂ ಇಲ್ಲ, ತಲಿಗೂ ಇಲ್ಲ, ಸುಮ್ಮ ಯಾಕ ಕೊಯ್ದಿ?” ಎಂದು ಗದರಿದ್ದಳು. ಮುಂದೆ ಟ್ಯಾಂಕರಿನ ನೀರಿಗೆ ಸಾಲುಗಟ್ಟಿ ನಿಲ್ಲಬೇಕಾದ ಒಂದು ವರ್ಷ, ಮುಸುರೆಯ ನೀರಿನಿಂದಲೇ ಬದುಕುಳಿದ ಗಿಡದ ಕೊನೆಯ ಮೂರು ಹೂಗಳನ್ನು ಅವಳೇ ಕೊಯ್ದು ತಂದು, ಒಂದನ್ನು ಜಗಲಿಗೇರಿಸಿ, ಎರಡನ್ನು ಅದೇ ತಂಬಿಗೆಯಲ್ಲಿಟ್ಟಳು. “ಬಿಸಲಾಗ ಸುಟ್ಟು ಹೋಗೂದು ಬ್ಯಾಡ” ಎಂದಷ್ಟೇ ಹೇಳಿದಳು.

ಅವ್ವನ ಮೊದಲ ಮಾತಿನಲ್ಲಿ ಹಳೆಯ ಸಂಸ್ಕಾರವಿತ್ತು. ದೇವಾಲಯಗಳ ಹೂದೋಟಕ್ಕೆ ಭೂಮಿ ಬಿಟ್ಟ ದತ್ತಿಗಳು ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಸುಮಾರು 1025ರಲ್ಲಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದವೂ ಇದೆ, ಸುಗಂಧದ್ರವ್ಯಗಳ ವಿಚಾರವೂ ಇದೆ. ಹೂವು ಪೂಜೆಗೆ, ಪರಿಮಳಕ್ಕೆ, ಅಲಂಕಾರಕ್ಕೆ ಎಂಬ ಈ ದೃಷ್ಟಿ ನಮ್ಮದು.

ಆದರೆ ಹೂದಾನಿಯೂ ನಮ್ಮ ನೆಲಕ್ಕೆ ತೀರ ಹೊಸದಲ್ಲ. ಜತ್ತದ ಮಗ್ಗುಲಿನ ವಿಜಯಪುರದಲ್ಲಿ, ಮಹಮ್ಮದ ಆದಿಲ್‌ಶಹನ ಕಾಲದ ಅಸರ್ ಮಹಲಿನ ಗೋಡೆಗಳ ಮೇಲೆ ಹೂದಾನಿಗಳ ಚಿತ್ರಗಳಿವೆ. ಜತ್ತವನ್ನು ಆಳಿದ ಡಫಳೆ ಮನೆತನವೂ ಆ ದರಬಾರಿನ ಸೇವೆಯಿಂದ ಬೆಳೆದುದೇ. ‘ಗುಲಾಬಿ’ ಎಂಬ ಹೆಸರೂ ಪಾರಸಿಯದು: ‘ಗುಲ್’ ಎಂದರೆ ಹೂ, ‘ಆಬ್’ ಎಂದರೆ ನೀರು. ಪಾರಸಿಯಲ್ಲಿ ಪನ್ನೀರಿಗಿದ್ದ ಹೆಸರು ನಮ್ಮಲ್ಲಿ ಹೂವಿನದೇ ಆಯಿತು. ಕನ್ನಡದ ಗುಲಾಬಿ, ಮರಾಠಿಯ ಗುಲಾಬ ಎರಡೂ ಅದೇ ಬೇರಿನವು.

ಕಡೆಗಾಲದ ಹೂವಿನ ಋಣ ಇನ್ನೂ ದೂರದ್ದು. ಯುರೋಪಿನ ಹಳೆಯ ಗುಲಾಬಿಗಳಲ್ಲಿ ಬಹುಪಾಲು ವರ್ಷಕ್ಕೊಮ್ಮೆ ಮಾತ್ರ ಅರಳುತ್ತಿದ್ದವು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಚೀನಾದ ಗುಲಾಬಿಗಳು ಅಲ್ಲಿಗೆ ತಲುಪಿದ ಮೇಲೆಯೇ ಮತ್ತೆ ಮತ್ತೆ ಹೂ ಬಿಡುವ ಗುಣ ಅವುಗಳ ಸಂಕರದಲ್ಲಿ ಸೇರಿತು. ಕಲಕತ್ತೆಯ ಮೂಲಕ ಹೋದ ಕಾರಣ ಅವಕ್ಕೆ ಅಲ್ಲಿ ‘ಬಂಗಾಳದ ಗುಲಾಬಿ’ ಎಂಬ ಹೆಸರೂ ಬಿತ್ತು. ಫ್ರಾನ್ಸಿನ ಗಿಯೋ 1867ರಲ್ಲಿ ಹೊರತಂದ ‘ಲಾ ಫ್ರಾನ್ಸ್’ ತಳಿಯನ್ನು ಇಂದಿನ ಉದ್ದ ದೇಟಿನ ಹೈಬ್ರಿಡ್ ಟೀ ಗುಲಾಬಿಗಳ ಆದಿಯೆಂದು ಎಣಿಸುತ್ತಾರೆ. ಭಾರತದಲ್ಲಿ ಈ ಹೂವಿಗೆ ದುಡಿದವರಲ್ಲಿ ಮುಖ್ಯರು ಗೋಧಿ ತಳಿವಿಜ್ಞಾನಿ ಬಿ.ಪಿ. ಪಾಲ್. ಭಾರತೀಯ ಕೃಷಿ ಸಂಶೋಧನ ಪರಿಷತ್ತಿನ ಮೊದಲ ಮಹಾನಿರ್ದೇಶಕರಾದ ಅವರು ಗುಲಾಬಿಯ ಹೊಸ ತಳಿಗಳನ್ನೂ ರೂಪಿಸಿದರು. ಹಸಿದವರಿಗೆ ಅನ್ನ ಹುಡುಕುತ್ತಿದ್ದ ವಿಜ್ಞಾನಿ ಹೂವನ್ನು ವ್ಯರ್ಥವೆಂದು ಭಾವಿಸಲಿಲ್ಲ.

ಹೂವನ್ನು ಒಳಗೆ ಉಳಿಸಿಕೊಳ್ಳುವ ವಿದ್ಯೆ ಸರಳ. ನಸುಕಿನಲ್ಲಿ, ಹೊರಗಿನ ಒಂದೆರಡು ಎಸಳು ಬಿಚ್ಚಿದ ಮೊಗ್ಗನ್ನು ಹರಿತವಾದ ಚಾಕುವಿನಿಂದ ಓರೆಯಾಗಿ ಕೊಯ್ಯಬೇಕು. ನೀರಿನಲ್ಲಿ ಮುಳುಗುವ ಎಲೆಗಳನ್ನು ತೆಗೆಯಬೇಕು. ಅವು ಕೊಳೆತರೆ ಸೂಕ್ಷ್ಮಾಣುಗಳು ಹೆಚ್ಚಿ ದೇಟಿನ ನಾಳ ಕಟ್ಟುತ್ತದೆ. ದಿನವೂ ನೀರು ಬದಲಿಸಿ, ದೇಟಿನ ತುದಿಯನ್ನು ತುಸು ಕತ್ತರಿಸಬೇಕು. ಮಾಗಿದ ಬಾಳೆಹಣ್ಣಿನ ಬಳಿ ಇಡಬಾರದು. ಅದು ಬಿಡುವ ಎಥಿಲಿನ್ ಅನಿಲದಿಂದ ಹೂ ಬೇಗ ಬಾಡುತ್ತದೆ. ಹಳೆಯ ನೀರನ್ನು ಗಿಡದ ಬುಡಕ್ಕೇ ಸುರಿದರೆ ಅದೂ ನಷ್ಟವಿಲ್ಲ.

ಜತ್ತ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಜಿಲ್ಲೆಗೆ ಸಾಂಗಲಿ ಎಂಬ ಹೆಸರು ಬಂದದ್ದು 1960ರಲ್ಲಿ. ಅಂದಿನಿಂದ ಇಂದಿನವರೆಗೂ, ನೀವು ಯಾವ ಕಡೆಯವರು ಎಂಬ ಪ್ರಶ್ನೆ ಗಡಿಯ ಕನ್ನಡಿಗನ ಬೆನ್ನು ಬಿಟ್ಟಿಲ್ಲ. ಹಿತ್ತಿಲ ಗುಲಾಬಿಗೂ ಅದೇ ಪ್ರಶ್ನೆ ಕೇಳಬಹುದು. ಹೆಸರು ಪಾರಸಿಯದು, ಗುಣ ಚೀನಾದ್ದು, ತಳಿ ಫ್ರಾನ್ಸಿನದು. ಆದರೆ ಬರಗಾಲದಲ್ಲಿ ಅದಕ್ಕೆ ನೀರು ಉಳಿಸಿದವಳು ಕನ್ನಡದ ಒಬ್ಬ ತಾಯಿ. ಯಾರು ನೀರೆರೆದು ಕಾಯುತ್ತಾರೋ ಹೂವು ಅವರದು; ಭಾಷೆಯ ಮಾತೂ ಅಷ್ಟೇ. ಅವ್ವ ಈಗಿಲ್ಲ. ಈ ಫಾಲ್ಗುಣದಲ್ಲಿಯೂ ಆ ತಂಬಿಗೆಯಲ್ಲಿ ಎರಡು ಹೂಗಳಿದ್ದವು.