ಲಿಬರೇಟರ್ ಮೈಮೇಲಿನ ತೇಪೆಗಳು

ಪ್ಲಾಸ್ಟಿಕ್ ಕಿಟ್ ಜೋಡಿಸುವವರಿಗೆ ವಿಮಾನವೆಂದರೆ ಒಂದು ಆಕಾರ, ಅದರ ಮೇಲೊಂದು ಬಣ್ಣ. ಅಲ್ಯೂಮಿನಿಯಂ ತಗಡನ್ನು ತಾವೇ ಕತ್ತರಿಸಿ, ಬಗ್ಗಿಸಿ, ರಿವೆಟ್ ಹೊಡೆದು ಹಳೆಯ ಯುದ್ಧವಿಮಾನದ ಮಾದರಿ ಕಟ್ಟಲು ಹೊರಟವರಿಗೆ ಅಷ್ಟು ಸಾಲದು. ಹವಾಯಿಯ ದಂತವೈದ್ಯ ಯಂಗ್ ಪಾರ್ಕ್ 1:16ರ ಅಳತೆಯಲ್ಲಿ ಅಲ್ಯೂಮಿನಿಯಂನಿಂದಲೇ ಕಟ್ಟಿದ ಕೋರ್ಸೇರ್‌ನಂಥ ಮಾದರಿಗಳಲ್ಲಿ ಒಳಗಿನ ಚೌಕಟ್ಟು ಎಲ್ಲಿ ತಪ್ಪಿದರೂ ಹೊರಗಿನ ತಗಡು ಕೂರುವುದಿಲ್ಲ. ರೆಕ್ಕೆಯೊಳಗಿನ ಯಾವ ಅಡ್ಡಪಟ್ಟಿ (ರಿಬ್) ಎಲ್ಲಿದೆ, ಯಾವ ತಗಡು ಯಾವುದರ ಮೇಲೆ ಹಾಯ್ದಿದೆ, ರಿವೆಟ್ಟಿನ ಸಾಲು ಒಂದೋ ಎರಡೋ ಎಂಬುದನ್ನೆಲ್ಲ ತಿಳಿಯದೆ ಕೆಲಸ ಮುಂದೆ ಸಾಗದು. ಹೀಗಾಗಿ ಈ ಕಸುಬಿನಲ್ಲಿ ಅರ್ಧ ಪಾಲು ಇತಿಹಾಸ ಸಂಶೋಧನೆಯೇ. ಕಾರ್ಖಾನೆಯ ಮೂಲ ನಕ್ಷೆ ಸಿಕ್ಕರೆ ಸಾಕು, ಅದು ಸಿಗದಿದ್ದರೆ ವಸ್ತುಸಂಗ್ರಹಾಲಯದಲ್ಲಿ ನಿಂತ ವಿಮಾನವನ್ನು ಅಳೆದರಾಯಿತು ಎಂಬುದು ಸಾಮಾನ್ಯ ನಂಬಿಕೆ. ನನ್ನ ವಾದ ಬೇರೆ. ವಿಮಾನದ ಮೈಕಟ್ಟಿನ ವಿಷಯದಲ್ಲಿ ಮೊದಲು ಕೇಳಬೇಕಾದ ಸಾಕ್ಷಿ ದುರಸ್ತಿ: ದುರಸ್ತಿಗೆಂದು ಬರೆದ ಕೈಪಿಡಿ, ದುರಸ್ತಿಯ ಚರಿತ್ರೆ, ದುರಸ್ತಿ ಬಿಟ್ಟುಹೋದ ಗುರುತು. ಇದಕ್ಕೆ ಎರಡನೇ ಮಹಾಯುದ್ಧದ ಅಮೆರಿಕನ್ ಬಾಂಬರ್ ಬಿ-24 ಲಿಬರೇಟರ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಬೆಂಗಳೂರಿಗೂ ಈ ಕಥೆಯಲ್ಲಿ ಸಣ್ಣದಲ್ಲದ ಪಾಲಿದೆ.

ಮೊದಲು ನಕ್ಷೆಯ ಮಾತು. ಕನ್ಸಾಲಿಡೇಟೆಡ್ ಕಂಪನಿಯ ಮಾಡೆಲ್ 32, ಅಂದರೆ ಲಿಬರೇಟರ್‌ನ ಮೊದಲ ರೂಪ, ಮೊದಲು ಹಾರಿದ್ದು 1939ರ ಡಿಸೆಂಬರ್ 29ರಂದು. ಯುದ್ಧ ಮುಗಿಯುವ ಹೊತ್ತಿಗೆ ಆ ವಂಶದ 18,000ಕ್ಕೂ ಹೆಚ್ಚು ವಿಮಾನಗಳು ತಯಾರಾಗಿದ್ದವು. ತಯಾರಿಸಿದ್ದು ಒಂದು ಕಾರ್ಖಾನೆಯಲ್ಲ, ಐದು: ಕನ್ಸಾಲಿಡೇಟೆಡ್‌ನ ಸ್ಯಾನ್ ಡಿಯಾಗೋ ಮತ್ತು ಫೋರ್ಟ್ ವರ್ತ್, ಫೋರ್ಡ್‌ನ ವಿಲ್ಲೋ ರನ್, ಡಗ್ಲಸ್‌ನ ಟಲ್ಸಾ, ನಾರ್ತ್ ಅಮೆರಿಕನ್‌ನ ಡಲ್ಲಾಸ್. ಫೋರ್ಡ್‌ನ ಚಾರ್ಲ್ಸ್ ಸೊರೆನ್ಸನ್ 1941ರ ಜನವರಿಯಲ್ಲಿ ಸ್ಯಾನ್ ಡಿಯಾಗೋಗೆ ಹೋದಾಗ ಕಂಡದ್ದು ನುರಿತ ಕೆಲಸಗಾರರ ಕಣ್ಣಂದಾಜನ್ನು ನಂಬಿದ ಕಾರ್ಖಾನೆಯನ್ನು. ಕಾರಿನಂತೆ ಸಾಲಾಗಿ ವಿಮಾನ ಇಳಿಸಬೇಕೆಂದಿದ್ದ ಫೋರ್ಡ್‌ನವರಿಗೆ ಆ ನಕ್ಷೆಗಳು ಸಾಲಲಿಲ್ಲ. ತಮ್ಮ ಉಕ್ಕಿನ ಅಚ್ಚುಗಳಿಗೆ ಹೊಂದುವಂತೆ ಎಲ್ಲವನ್ನೂ ಮತ್ತೆ ಬರೆದರು. ಪರಿಣಾಮ ಮೂತಿಯಲ್ಲೇ ಕಾಣುತ್ತದೆ: ಫೋರ್ಡ್ ಕೂರಿಸಿದ್ದು ಎಮರ್ಸನ್ ಕಂಪನಿಯ ಟರೆಟ್ (ಬಂದೂಕಿನ ಗೂಡು), ಸ್ಯಾನ್ ಡಿಯಾಗೋದವರು ಕೂರಿಸಿದ್ದು ಕನ್ಸಾಲಿಡೇಟೆಡ್‌ನದೇ ಟರೆಟ್. ಅವೆರಡರ ಸುತ್ತಲಿನ ತಗಡಿನ ಜೋಡಣೆ ಒಂದೇ ಅಲ್ಲ. ಸಾಲದ್ದಕ್ಕೆ, ಓಡುವ ಉತ್ಪಾದನಾ ಸಾಲನ್ನು ನಿಲ್ಲಿಸಲಾಗದೆ, ಹೊಸ ಬದಲಾವಣೆಗಳನ್ನು ಪೂರ್ತಿಯಾದ ವಿಮಾನದ ಮೇಲೆ ಬೇರೆ ಊರಿನ ಮಾರ್ಪಾಡು ಕೇಂದ್ರಗಳಲ್ಲಿ ಮಾಡುತ್ತಿದ್ದರು. ಹಾಗಾದರೆ ನಕ್ಷೆ ಎಂದರೇನು? ಅದು ಹೀಗೆ ಮಾಡಿ ಎಂಬ ಆಜ್ಞೆ. ಹೀಗೇ ಮಾಡಿದರು ಎಂಬ ಸಾಕ್ಷ್ಯವಲ್ಲ. ಅಂದಮಾತ್ರಕ್ಕೆ ನಕ್ಷೆ ಬೇಡವೆನ್ನುತ್ತಿಲ್ಲ. ಮೂತಿಯಿಂದ ಇಂಚುಗಳಲ್ಲಿ ಎಣಿಸಿದ ಸ್ಟೇಷನ್ ಸಂಖ್ಯೆಗಳಿಲ್ಲದೆ ಫ್ರೇಮುಗಳನ್ನು ನಿಲ್ಲಿಸುವುದಾದರೂ ಹೇಗೆ? ಆದರೆ ಮೈಕ್ರೋಫಿಲ್ಮಿನಿಂದ ತೆಗೆದ ಪ್ರತಿಯ ಮೇಲೆ ಸ್ಕೇಲ್ ಇಟ್ಟು ಅಳೆಯಬಾರದು, ಹಿಗ್ಗಿ ಕುಗ್ಗಿರುತ್ತದೆ. ನಕ್ಷೆಯಲ್ಲಿ ಬರೆದ ಅಂಕಿಯನ್ನಷ್ಟೇ ನಂಬಬೇಕು.

ದುರಸ್ತಿ ಕೈಪಿಡಿಯ ಬಗೆಯೇ ಬೇರೆ. ಅಮೆರಿಕದ ಸೇನೆ ಪ್ರತಿ ವಿಮಾನಕ್ಕೂ ಸರಣಿಯಾಗಿ ಕೈಪಿಡಿ ಹೊರಡಿಸುತ್ತಿತ್ತು. ಹಾರಿಸುವವರಿಗೊಂದು, ಜೋಡಿಸಿ ನಿರ್ವಹಿಸುವವರಿಗೊಂದು, ಮೈಕಟ್ಟಿನ ದುರಸ್ತಿಗೊಂದು, ಬಿಡಿಭಾಗಗಳ ಪಟ್ಟಿಗೊಂದು. ಮೂರನೆಯದು ಮಾದರಿ ಕಟ್ಟುವವರ ಪಾಲಿಗೆ ನಿಧಿ. ಕಾರ್ಖಾನೆಯ ನಕ್ಷೆ ಬರೆದವರು ತಮ್ಮಲ್ಲಿರುವ ಅಚ್ಚು, ತಮ್ಮ ಫೋರ್‌ಮನ್ ಇವನ್ನೆಲ್ಲ ನೆನೆದು ಬರೆದಿರುತ್ತಾರೆ. ಹೇಳದೆ ಬಿಟ್ಟದ್ದು ಬಹಳ. ದುರಸ್ತಿ ಕೈಪಿಡಿ ಬರೆದವರ ಮನಸ್ಸಿನಲ್ಲಿ ಇದ್ದವನು ಕಾರ್ಖಾನೆಯನ್ನೇ ಕಾಣದ, ದೂರದ ರನ್‌ವೇ ಪಕ್ಕದಲ್ಲಿ ಗುಂಡು ತೂರಿದ ರೆಕ್ಕೆಯ ಮುಂದೆ ನಿಂತ ಮೆಕ್ಯಾನಿಕ್. ಅವನಿಗೆ ಎಲ್ಲವನ್ನೂ ಬಿಡಿಸಿ ಹೇಳಬೇಕು: ಇಲ್ಲಿನ ತಗಡಿನ ದಪ್ಪ ಎಷ್ಟು, ಯಾವ ಮಿಶ್ರಲೋಹ, ಯಾವ ಅಳತೆಯ ರಿವೆಟ್, ಎಷ್ಟು ಅಂತರದಲ್ಲಿ, ಎಷ್ಟು ದೊಡ್ಡ ತೂತಿಗೆ ತೇಪೆ ಸಾಕು, ಯಾವಾಗ ಇಡೀ ಭಾಗವನ್ನೇ ಬದಲಿಸಬೇಕು. ಮಾದರಿ ಕಟ್ಟುವವರೂ ಕಾರ್ಖಾನೆ ಕಾಣದವರೇ ತಾನೆ! ಕೈಪಿಡಿಯ ಅಂಕಿಗಳು ಅವರನ್ನು ಒಮ್ಮೊಮ್ಮೆ ಪೇಚಿಗೂ ಸಿಕ್ಕಿಸುತ್ತವೆ. 0.032 ಇಂಚಿನ ತಗಡು 1:16ರಲ್ಲಿ 0.002 ಇಂಚಿಗೆ ಇಳಿಯುತ್ತದೆ, ಅಂದರೆ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ. 110 ಅಡಿಯ ರೆಕ್ಕೆ ಹರವು ಅದೇ ಅಳತೆಯಲ್ಲಿ ಏಳಡಿಗೆ ಸ್ವಲ್ಪವೇ ಕಡಿಮೆ. ಅಷ್ಟುದ್ದದ ರೆಕ್ಕೆಗೆ ಅಷ್ಟು ತೆಳು ತಗಡು ಹೊದಿಸಿದರೆ ಬೆರಳು ತಾಗಿದಲ್ಲೆಲ್ಲ ತಗ್ಗು ಬೀಳುತ್ತದೆ. ಎಲ್ಲಿ ಅಳತೆಗೆ ನಿಷ್ಠರಾಗಬೇಕು, ಎಲ್ಲಿ ದಪ್ಪ ಹೆಚ್ಚಿಸಿ ತಗಡುಗಳ ಹಾಯ್ದಾಟವನ್ನಷ್ಟೇ ನಿಜವಾಗಿ ತೋರಿಸಬೇಕು ಎಂಬುದನ್ನು ತೀರ್ಮಾನಿಸುವುದಕ್ಕೂ ಮೂಲದ ದಪ್ಪ ಗೊತ್ತಿರಲೇಬೇಕು. ಮೂರು ಲಕ್ಷಕ್ಕೂ ಹೆಚ್ಚು ರಿವೆಟ್ ಇದ್ದ ವಿಮಾನದಲ್ಲಿ ಎಲ್ಲವನ್ನೂ ಹೊಡೆಯುತ್ತೇನೆಂದು ಹೊರಡುವವರ ಧೈರ್ಯ ಮೆಚ್ಚತಕ್ಕದ್ದೇ. ವಿವೇಕದ ಮಾತು ಬೇರೆ.

ಕಾಗದವೆಲ್ಲ ಏಕೆ, ವಿಮಾನವೇ ಇದೆಯಲ್ಲ, ಅಳೆದುಕೊಳ್ಳಿ ಎನ್ನುವವರಿದ್ದಾರೆ. ಆಕ್ಷೇಪ ಬಲವಾದದ್ದೇ. ಆದರೆ ಆ ವಿಮಾನ ಉಳಿದದ್ದು ಹೇಗೆಂದು ನೋಡಬೇಕು, ಆ ಕಥೆ ಬೆಂಗಳೂರಿನಿಂದ ಶುರುವಾಗುತ್ತದೆ. ವಾಲ್‌ಚಂದ್ ಹೀರಾಚಂದ್ ಎಂಬ ಉದ್ಯಮಿ ಮತ್ತು ಮೈಸೂರು ಸರ್ಕಾರ ಸೇರಿ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ 1943ರಲ್ಲಿ ಅಮೆರಿಕದ ವಾಯುಪಡೆಯ ದುರಸ್ತಿ ಡಿಪೋ ಆಯಿತು. ವಿಮಾನ ತಯಾರಿಸಲು ಹುಟ್ಟಿದ ಕಾರ್ಖಾನೆ ಬೇರೆಯವರ ವಿಮಾನ ರಿಪೇರಿ ಮಾಡುತ್ತ ಕೈ ಪಳಗಿಸಿಕೊಂಡಿತು. ಯುದ್ಧ ಮುಗಿದ ಮೇಲೆ ಬ್ರಿಟಿಷರ ಲಿಬರೇಟರ್‌ಗಳನ್ನು ಕಾನ್ಪುರದಲ್ಲಿ ಒಟ್ಟಿ, ಮತ್ತೆ ಹಾರದಂತೆ ಕೆಡಿಸಿ ಬಿಟ್ಟಿದ್ದರು. ಬಾಂಬರ್ ಬೇಕಾಗಿದ್ದ ಸ್ವತಂತ್ರ ಭಾರತ ಆ ಗುಜರಿಯತ್ತ ಕಣ್ಣು ಹಾಯಿಸಿತು. ಬೆಂಗಳೂರಿನ ಕೆಲಸಗಾರರು ಅಲ್ಲಿಗೇ ಹೋಗಿ ಒಂದೊಂದನ್ನೂ ಹಾರುವಷ್ಟಕ್ಕೆ ಸರಿಪಡಿಸಿದರು. ಕಾರ್ಖಾನೆಯ ಪರೀಕ್ಷಾ ಪೈಲಟ್ ಮುನ್ಶಿ ಅವನ್ನು ಸುಮಾರು 1500 ಕಿ.ಮೀ. ಹಾರಿಸಿ ತಂದರು, ಬೆಂಗಳೂರಿನಲ್ಲಿ ಪೂರ್ತಿ ದುರಸ್ತಿ ನಡೆಯಿತು. ಸುಮಾರು ನಲವತ್ತು ವಿಮಾನ ಹೀಗೆ ಮರುಜನ್ಮ ಪಡೆದವು. 1948ರ ನವೆಂಬರ್‌ನಲ್ಲಿ 5ನೇ ಸ್ಕ್ವಾಡ್ರನ್ ಅವುಗಳೊಂದಿಗೆ ಆರಂಭವಾಯಿತು, 1968ರವರೆಗೂ ಅವು ಭಾರತೀಯ ವಾಯುಪಡೆಯಲ್ಲಿ ಹಾರಿದವು. ಅಮೆರಿಕದಲ್ಲಿ ಲಿಬರೇಟರ್‌ಗಳು ಬಹುಪಾಲು ಅಷ್ಟರಲ್ಲೇ ಗುಜರಿಯಾಗಿ ಕರಗಿಹೋಗಿದ್ದವು. ಇಂದು ಲಂಡನ್ನಿನ ಹೆಂಡನ್, ಅಮೆರಿಕದ ಟೂಸಾನ್, ಕೆನಡಾದ ಒಟ್ಟಾವಾಗಳಲ್ಲಿ ನಿಂತಿರುವವು ಭಾರತದಿಂದ ಹೋದವೇ. ಅವುಗಳ ಮೈ ಅಳೆಯುವವರು ವಿಲ್ಲೋ ರನ್ ಅಥವಾ ಸ್ಯಾನ್ ಡಿಯಾಗೋವನ್ನು ಮಾತ್ರ ಅಳೆಯುತ್ತಿಲ್ಲ, ಕಾನ್ಪುರ ಬೆಂಗಳೂರುಗಳನ್ನೂ ಅಳೆಯುತ್ತಿದ್ದಾರೆ. ವಸ್ತುಸಂಗ್ರಹಾಲಯದ ಫಲಕಗಳಲ್ಲಿ ಭಾರತದ ಆ ಇಪ್ಪತ್ತು ವರ್ಷಕ್ಕೆ ಒಂದು ವಾಕ್ಯ ಸಿಕ್ಕರೆ ಹೆಚ್ಚು.

ತೇಪೆ ಆಕಸ್ಮಿಕ, ಮೈಕಟ್ಟಲ್ಲ, 1944ರ ವಿಮಾನ ಮಾಡುವವರಿಗೆ 1948ರ ರಿವೆಟ್ ಏಕೆ ಎಂದು ಮತ್ತೂ ಕೇಳಬಹುದು. ಇಂಥ ವಿಮಾನದಲ್ಲಿ ತಗಡು ಬರಿಯ ಹೊದಿಕೆಯಲ್ಲ, ಭಾರ ಹೊರುವ ಅಂಗ. ಅದರ ಮೇಲಿನ ತೇಪೆಯೂ ಭಾರ ಹೊರುತ್ತದೆ. ಅದಕ್ಕೇ ತೇಪೆಗೂ ಅಷ್ಟೊಂದು ನಿಯಮ. ಇನ್ನು 1944ರ ರೂಪವೇ ಬೇಕೆಂದರೂ ಮೇಲಿನ ಪದರ ಯಾವುದೆಂದು ತಿಳಿಯದೆ ಅದನ್ನು ಕಳೆಯುವುದು ಹೇಗೆ? ಅಮೆರಿಕದ ಕಾಲಿಂಗ್ಸ್ ಫೌಂಡೇಶನ್‌ನಲ್ಲಿದ್ದ, ಭಾರತದಿಂದಲೇ ಹೋದ ಲಿಬರೇಟರ್ 1989ರಲ್ಲಿ ಮತ್ತೆ ಹಾರಿದ ಮೇಲೆ ಒಂದಾದ ಮೇಲೊಂದರಂತೆ ಮೂರು ಹೆಸರು ಹೊತ್ತಿತು: ಆಲ್ ಅಮೆರಿಕನ್, ಡ್ರ್ಯಾಗನ್ ಅಂಡ್ ಹಿಸ್ ಟೇಲ್, ವಿಚ್‌ಕ್ರಾಫ್ಟ್. ಮೂಲದ ಆ ಮೂರು ಬಾಂಬರ್‌ಗಳು ಹಾರಿದ್ದು ಇಟಲಿ, ಪೆಸಿಫಿಕ್, ಇಂಗ್ಲೆಂಡ್ ಎಂಬ ಮೂರು ಬೇರೆ ರಣರಂಗಗಳಲ್ಲಿ. ಈ ವಿಮಾನ ಅವುಗಳಲ್ಲಿ ಯಾವುದೂ ಅಲ್ಲ. ವಿಚ್‌ಕ್ರಾಫ್ಟ್ ಮಾಡಬೇಕೆಂದು ಇದರ ರಿವೆಟ್ ಎಣಿಸಿದವರು ಬೇರೊಂದು ವಿಮಾನದ ಲೆಕ್ಕವನ್ನು ವಿಚ್‌ಕ್ರಾಫ್ಟ್‌ನ ಖಾತೆಗೆ ಬರೆದಂತೆ. ಅಂಥವರು ದಿನಾಂಕ ಮತ್ತು ಸರಣಿ ಸಂಖ್ಯೆ ಇರುವ ಯುದ್ಧಕಾಲದ ಫೋಟೋಗಳಿಂದ ಆರಂಭಿಸುವುದು ಮೇಲು, ಅದರಲ್ಲೂ ಹೊಟ್ಟೆಯ ಮೇಲೆ ಇಳಿದು ಮೈ ಸೀಳಿಕೊಂಡು ಒಳಗಿನ ಉದ್ದಪಟ್ಟಿಗಳನ್ನು (ಸ್ಟ್ರಿಂಗರ್) ತೋರಿಸುವ ಚಿತ್ರಗಳಿಂದ. ಉಳಿದ ವಿಮಾನವನ್ನೇ ಅಳೆದು ಕಟ್ಟಬೇಕೆನ್ನುವವರಿಗೆ ದೆಹಲಿಯ ಪಾಲಂನ ವಾಯುಪಡೆ ವಸ್ತುಸಂಗ್ರಹಾಲಯದ ಎಚ್‌ಇ 924 ಸಂಖ್ಯೆಯ ಲಿಬರೇಟರ್ ಇದೆ. ಅದು ನಿಂತಿರುವುದು ಭಾರತೀಯ ವಾಯುಪಡೆಯ ಗುರುತುಗಳಲ್ಲೇ, ಆದ್ದರಿಂದ ಅಲ್ಲಿ ಬಣ್ಣಕ್ಕೂ ಲೋಹಕ್ಕೂ ಜಗಳವಿಲ್ಲ. ಬೆಂಗಳೂರಿನ ತೇಪೆ ಕಂಡರೆ ಅದನ್ನು ಕಳೆಯಬೇಕಾಗಿಲ್ಲ, ಹಾಗೆಯೇ ಮಾದರಿಯ ಮೇಲೆ ಹೊಡೆದರಾಯಿತು.