ಪೊಟ್ಟಣದಿಂದ ಜಠರದವರೆಗೆ: ನಳಿಕೆಯ ರೋಗಿಗಳಿಗೆ ಸಿದ್ಧ ರುಬ್ಬಿದ ಆಹಾರದ ಮೌಲ್ಯಮಾಪನ

ಅನ್ನ, ಬೇಳೆ, ತರಕಾರಿ, ಮಾಂಸಗಳನ್ನು ಕಾರ್ಖಾನೆಯಲ್ಲೇ ರುಬ್ಬಿ, ಶಾಖದಿಂದ ಸಂಸ್ಕರಿಸಿ ಪೊಟ್ಟಣ ಕಟ್ಟಿದ ಆಹಾರವನ್ನು ಲೇಬಲ್ಲಿನ ಪೋಷಕಾಂಶ ಪಟ್ಟಿ ನೋಡಿ ಒಪ್ಪುವುದು ಸುಲಭ. ಆದರೆ ಅದರಲ್ಲಿ ಎಷ್ಟು ಭಾಗ ರೋಗಿಯ ಜಠರ ಸೇರುತ್ತದೆ ಎಂಬುದನ್ನು ಮೊದಲು ಅಳೆಯಬೇಕು ಎಂಬುದು ಈ ಲೇಖನದ ವಾದ.

ಆಸ್ಪತ್ರೆಯ ಅಡುಗೆಮನೆಯಲ್ಲಿ ರುಬ್ಬಿ ಸೋಸಿದ ಆಹಾರದ ದೋಷಗಳು ಹೊಸವಲ್ಲ. ಫಿಲಿಪೀನ್ಸಿನ ಆಸ್ಪತ್ರೆಗಳಲ್ಲಿ ಸಲ್ಲಿವನ್ ಮತ್ತು ಸಂಗಡಿಗರು ನಡೆಸಿ 2001 ಹಾಗೂ 2004ರಲ್ಲಿ ಪ್ರಕಟಿಸಿದ ಅಧ್ಯಯನಗಳು ಬ್ಯಾಕ್ಟೀರಿಯಾ ಸೋಂಕನ್ನೂ ಪೋಷಕಾಂಶಗಳ ಏರುಪೇರನ್ನೂ ತೋರಿಸಿದವು. ಸಿದ್ಧ ಪೊಟ್ಟಣ ಇವೆರಡನ್ನೂ ಬಹುಮಟ್ಟಿಗೆ ತಪ್ಪಿಸುತ್ತದೆ, ಬಾಯಿ ತೆರೆಯುವವರೆಗೆ. ತೆರೆದ ಮೇಲೆ ರುಬ್ಬಿದ ಆಹಾರವನ್ನು ಕೋಣೆಯ ಉಷ್ಣತೆಯಲ್ಲಿ 2 ಗಂಟೆಗಿಂತ ಹೆಚ್ಚು ಇಡಬಾರದೆಂಬುದೇ ರೂಢಿಯ ಮಿತಿ.

ನಿಜವಾದ ತೊಡಕು ಸ್ನಿಗ್ಧತೆಯದು. ನಳಿಕೆಯ ಒಳತ್ರಿಜ್ಯ ಅರ್ಧವಾದರೆ ಹರಿವು ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ ಎನ್ನುತ್ತದೆ ಪ್ವಾಸೆಯ ನಿಯಮ. ರುಬ್ಬಿದ ಆಹಾರ ನೀರಿನಂಥ ದ್ರವವಲ್ಲ, ಒತ್ತಿದಷ್ಟೂ ತೆಳುವಾಗುತ್ತದೆ. ಹಾಗಾಗಿ ಸಿರಿಂಜಿನಲ್ಲಿ ನೂಕಿದಾಗ ಇಳಿದದ್ದು ತೂಗುಹಾಕಿದ ಚೀಲದಿಂದ ಇಳಿಯದೆ ನಿಲ್ಲಬಹುದು. ಹೊಟ್ಟೆಗೆ ನೇರವಾಗಿ ಕೂರಿಸಿದ 14 ಫ್ರೆಂಚ್ ಅಳತೆಯ ನಳಿಕೆಯಲ್ಲಿ ಸರಾಗವಾದದ್ದು ಮೂಗಿನ 8 ಫ್ರೆಂಚ್ ನಳಿಕೆಯಲ್ಲಿ ಕಟ್ಟಿಕೊಂಡರೆ ಅಚ್ಚರಿಯಿಲ್ಲ. ಆಗ ಹಾಸಿಗೆಯ ಪಕ್ಕದವರು ಮಾಡುವುದು ಒಂದೇ: ನೀರು ಬೆರೆಸುವುದು.

ಲೆಕ್ಕ ಹೀಗೆ. ಮಿಲಿಲೀಟರಿಗೆ 1 ಕಿಲೋಕ್ಯಾಲರಿ ಇರುವ ಆಹಾರದ ಎರಡು ಪಾಲಿಗೆ ಒಂದು ಪಾಲು ನೀರು ಸೇರಿದರೆ ಸಾಂದ್ರತೆ 0.67ಕ್ಕೆ ಇಳಿಯುತ್ತದೆ. 1500 ಕಿಲೋಕ್ಯಾಲರಿ ಬೇಕಾದ ರೋಗಿಗೆ 1500 ಮಿಲಿಲೀಟರಿನ ಬದಲು 2250 ಕೊಡಬೇಕು. ಪ್ರಮಾಣವನ್ನು ಹೆಚ್ಚಿಸದಿದ್ದರೆ ದಿನಕ್ಕೆ 500 ಕಿಲೋಕ್ಯಾಲರಿ ಕೊರತೆ. ಕೇಸ್‌ಶೀಟಿನಲ್ಲಿ ಮಾತ್ರ ಆಹಾರ ಪೂರ್ತಿ ಕೊಟ್ಟಂತೆಯೇ ಇರುತ್ತದೆ.

ತೆಳುವಾಗಿಸಿದರೆ ಶಕ್ತಿ ಇಳಿಯುವ ಇದೇ ಒಗಟನ್ನು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ಯಲ್ಲಿ ದೇಸಿಕಾಚಾರ್ ಮತ್ತು ಮಲ್ಲೇಶಿ ಕೂಸುಗಳ ಆಹಾರದಲ್ಲಿ ಎದುರಿಸಿದ್ದರು. ಮೊಳಕೆ ಬರಿಸಿದ ರಾಗಿಯ ಅಮೈಲೇಸ್ ಪಿಷ್ಟವನ್ನು ಒಡೆಯುವುದರಿಂದ ಹಿಟ್ಟು ಕಡಿಮೆಯಾಗದೆ ಗಂಜಿ ತೆಳುವಾಗುತ್ತದೆ. ನಳಿಕೆ ಆಹಾರ ತಯಾರಕರು ಇತ್ತ ಗಮನಿಸಬೇಕು.

ಮಂದವಾಗಿರುವುದು ಸದಾ ದೋಷವೇ ಎನ್ನುವಂತಿಲ್ಲ. ಜಠರದಿಂದ ಆಹಾರ ಹಿಮ್ಮುಖವಾಗಿ ಏರದಂತೆ ತಡೆಯುವ ಫಂಡೋಪ್ಲಿಕೇಶನ್ ಶಸ್ತ್ರಚಿಕಿತ್ಸೆಯಾದ 33 ಮಕ್ಕಳಿಗೆ ಹೊಟ್ಟೆಯ ನಳಿಕೆಯಲ್ಲಿ ರುಬ್ಬಿದ ಆಹಾರ ಕೊಟ್ಟ ಪೆಂಟಿಯುಕ್ ತಂಡದ 2011ರ ವರದಿಯಲ್ಲಿ ಬಹುಪಾಲು ಮಕ್ಕಳ ಓಕರಿಕೆ ಅರ್ಧಕ್ಕೂ ಕೆಳಗಿಳಿದಿತ್ತು. ಆದ್ದರಿಂದ ತೆಳುವಾದದ್ದೇ ಉತ್ತಮವೆಂಬ ಅಂಕ ಪದ್ಧತಿ ಸಲ್ಲದು. ಪ್ರತಿ ಉತ್ಪನ್ನವನ್ನೂ ವಾರ್ಡಿನಲ್ಲಿ ಬಳಕೆಯಲ್ಲಿರುವ ನಳಿಕೆಯ ಅಳತೆಗಳಲ್ಲೇ, ಗುರುತ್ವದಿಂದಲೂ ಸಿರಿಂಜಿನಿಂದಲೂ, ನೀರು ಬೆರೆಸದೆ ಮತ್ತು ಬೆರೆಸಿ ಹರಿಸಿ ನೋಡಬೇಕು. ಸೇರಿಸಿದ ನೀರನ್ನು ದಾಖಲಿಸಬೇಕು. ಸಣ್ಣಕರುಳಿಗೆ ಇಳಿಸಿದ ನಳಿಕೆಗಳನ್ನು ಈ ಪರೀಕ್ಷೆಯಿಂದ ಹೊರಗಿಡುವುದೇ ಸರಿ.