ಹೊನ್ನಾವರದ ಹದಿಮೂರು ಶಾಲೆಗಳು: ಕರಾವಳಿ ಮುಸ್ಲಿಮರ ವಿದ್ಯೆಯ ಹಾದಿ

ಕರಾವಳಿ ಕರ್ನಾಟಕದ ಮುಸ್ಲಿಮರ ಇತಿಹಾಸ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಹಾಯಿಹಡಗುಗಳು, ಕರಿಮೆಣಸು, ಅರಬ್ ವರ್ತಕರು ಮತ್ತು ಬಂದರಿನ ಹಳೆಯ ಮಸೀದಿಗಳು. ಈ ಇತಿಹಾಸದಲ್ಲಿ ವ್ಯಾಪಾರಕ್ಕೆ ದೊರೆತ ಸ್ಥಾನ ವಿದ್ಯೆಗೆ ದೊರೆತಿಲ್ಲ. "ನಮ್ಮವರು ಹಿಂದಿನಿಂದಲೂ ವ್ಯಾಪಾರಸ್ಥರು, ಓದು ನಮಗೆ ಹೊಸದು" ಎಂಬ ಮಾತನ್ನು ನಮ್ಮ ಹಿರಿಯರ ಬಾಯಲ್ಲೂ ಕೇಳುತ್ತೇವೆ. ಈ ಮಾತು ನಿಜವೇ? ಉತ್ತರ ಕನ್ನಡದ ಹೊನ್ನಾವರದ ಬಗ್ಗೆ ಸುಮಾರು 680 ವರ್ಷಗಳ ಹಿಂದಿನ ಒಂದು ದಾಖಲೆ ಬೇರೆಯದೇ ಕಥೆಯನ್ನು ಹೇಳುತ್ತದೆ.

ಇಬ್ನ್ ಬತೂತ ಕಂಡ ಹೊನ್ನಾವರ

ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ, ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ 1342ರಲ್ಲಿ ಚೀನಾದ ಕಡೆಗೆ ಹೊರಟವನು. ಪಶ್ಚಿಮ ಕರಾವಳಿಯ ದಾರಿಯಲ್ಲಿ ಅವನು ಹೊನ್ನಾವರದಲ್ಲಿ ತಂಗಿದ. ಅಲ್ಲಿ ಗಂಡುಮಕ್ಕಳಿಗೆ 23 ಮತ್ತು ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನು ಕಂಡುದಾಗಿಯೂ, ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲವೆಂದೂ ಅವನು ತನ್ನ ಪ್ರವಾಸ ಕಥನದಲ್ಲಿ ಉಲ್ಲೇಖಿಸಿದ್ದಾನೆ. ಅಲ್ಲಿನ ಸ್ತ್ರೀಯರು ಕುರ್‌ಆನನ್ನು ಕಂಠಪಾಠ ಮಾಡಿದ್ದರೆಂದೂ ಬರೆದಿದ್ದಾನೆ.

ಈ ಶಾಲೆಗಳು ಇಂದಿನ ಅರ್ಥದ ಶಾಲೆಗಳಾಗಿರಲಿಲ್ಲ, ಬಹುಮಟ್ಟಿಗೆ ಕುರ್‌ಆನ್ ಕಲಿಸುವ ಮಕ್ತಬ್‌ಗಳಾಗಿದ್ದಿರಬೇಕು. ಆದರೂ ಒಂದೇ ಪಟ್ಟಣದಲ್ಲಿ ಹೆಣ್ಣುಮಕ್ಕಳಿಗೆಂದು 13 ಪ್ರತ್ಯೇಕ ಕಲಿಕಾ ಕೇಂದ್ರಗಳಿದ್ದವು ಎಂಬುದು ಗಮನಾರ್ಹ. ಹೇಳಿದವನು ಸಾಮಾನ್ಯ ಯಾತ್ರಿಕನಲ್ಲ. ಮಕ್ಕಾ, ಡಮಾಸ್ಕಸ್, ಕೈರೋ ಮೊದಲಾದ ವಿದ್ಯಾಕೇಂದ್ರಗಳನ್ನೆಲ್ಲ ನೋಡಿ ಬಂದವನು.

ಈ ಶಾಲೆಗಳಿಗೆ ಹಣ ಎಲ್ಲಿಂದ ಬರುತ್ತಿತ್ತು? ಹೊನ್ನಾವರದ ಜನ ಸಮುದ್ರ ವ್ಯಾಪಾರದಿಂದ ಬದುಕುವವರು, ಅವರಿಗೆ ಸಾಗುವಳಿಯ ಭೂಮಿ ಇಲ್ಲ ಎಂದು ಅವನೇ ಹೇಳಿದ್ದಾನೆ. ಇಲ್ಲಿಂದ ದಕ್ಷಿಣಕ್ಕೆ, ಇಂದಿನ ಉತ್ತರ ಕೇರಳದ ಏಳಿಮಲೆಯ ಬಳಿಯ ಹೀಲಿ ಎಂಬ ಬಂದರಿನ ಮಸೀದಿಯ ವರ್ಣನೆ ಇನ್ನಷ್ಟು ಸ್ಪಷ್ಟವಾಗಿದೆ. ಆ ಮಸೀದಿಯ ಆದಾಯದಿಂದ ವಿದ್ಯಾರ್ಥಿಗಳಿಗೆ ವೇತನ ಕೊಡಲಾಗುತ್ತಿತ್ತು. ಅಲ್ಲಿನ ಅಡುಗೆಮನೆಯಲ್ಲಿ ಪ್ರಯಾಣಿಕರಿಗೂ ಬಡವರಿಗೂ ಊಟ ಸಿಗುತ್ತಿತ್ತು. ವ್ಯಾಪಾರದ ಲಾಭದ ಒಂದು ಪಾಲು ಮಸೀದಿಗೆ, ಮಸೀದಿಯ ಆದಾಯದ ಒಂದು ಪಾಲು ವಿದ್ಯೆಗೆ ಎಂಬ ವ್ಯವಸ್ಥೆ ಈ ತೀರದಲ್ಲಿ ಆಗಲೇ ಬೇರೂರಿತ್ತು.

ಬಂದರುಗಳ ಸಹಬಾಳ್ವೆ

ಮಂಗಳೂರಿನಲ್ಲೂ ಚಿತ್ರ ಇದೇ ಬಗೆಯದು. 12ನೇ ಶತಮಾನದಲ್ಲಿ ಟುನೀಸಿಯ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಮಂಗಳೂರಿನಲ್ಲಿ ಹಲವು ವರ್ಷ ನೆಲೆಸಿ ವ್ಯಾಪಾರ ಮಾಡಿದ್ದು ಕೈರೋದಲ್ಲಿ ದೊರೆತ ಹಳೆಯ ಪತ್ರಗಳಿಂದ ತಿಳಿದುಬಂದಿದೆ. ಇಬ್ನ್ ಬತೂತ ಬಂದಾಗ ಮಂಗಳೂರಿನಲ್ಲಿ ಸುಮಾರು 4000 ಮುಸ್ಲಿಮರಿದ್ದರು. ಪರ್ಷಿಯಾ ಮತ್ತು ಯೆಮನ್‌ಗಳ ವರ್ತಕರು ಕರಿಮೆಣಸು, ಶುಂಠಿಗಾಗಿ ಇಲ್ಲಿ ಬಂದಿಳಿಯುತ್ತಿದ್ದರು. ಪಟ್ಟಣದ ಜನರಿಗೂ ಇವರಿಗೂ ಆಗಾಗ ಜಗಳವಾಗುತ್ತಿತ್ತು, ಆದರೆ ವರ್ತಕರು ಬೇಕಾಗಿದ್ದುದರಿಂದ ರಾಜನೇ ಮಧ್ಯೆ ಬಂದು ಸಂಧಾನ ಮಾಡಿಸುತ್ತಿದ್ದ ಎಂದೂ ಅವನು ಬರೆಯುತ್ತಾನೆ. ಅಂದಿನ ಸಹಬಾಳ್ವೆ ಜಗಳವಿಲ್ಲದ ಬಾಳಾಗಿರಲಿಲ್ಲ, ಪರಸ್ಪರ ಅಗತ್ಯವನ್ನು ಅರಿತ ಬಾಳಾಗಿತ್ತು.

ಈ ತೀರದಲ್ಲಿ ರೂಪುಗೊಂಡ ಸಮುದಾಯಗಳಲ್ಲಿ ಎರಡು ಮುಖ್ಯವಾದವು. ಭಟ್ಕಳ, ಹೊನ್ನಾವರದ ಕಡೆಯ ನವಾಯತರು ಕೊಂಕಣಿಗೆ ಅರಬ್ಬಿ, ಪಾರಸಿ ಪದಗಳು ಬೆರೆತ ನವಾಯತಿಯನ್ನಾಡುತ್ತಾರೆ. ದಕ್ಷಿಣ ಕನ್ನಡ, ಉಡುಪಿಯ ಬ್ಯಾರಿಗಳ ಮಾತು ಮಲಯಾಳಂಗೆ ಹತ್ತಿರವಾಗಿದ್ದು ತುಳುವಿನ ಗಾಢ ಪ್ರಭಾವ ಪಡೆದಿದೆ. ಇಬ್ಬರೂ ಶಾಫಿ ಪಂಥದವರು. ಅರಬ್ಬಿ ಕಡಲಿನೊಂದಿಗಿನ ಹಳೆಯ ನಂಟಿಗೆ ಇದೂ ಒಂದು ಸಾಕ್ಷಿ.

ಹಾದಿ ತಪ್ಪಿದ್ದು ಎಲ್ಲಿ?

1498ರಲ್ಲಿ ಪೋರ್ಚುಗೀಸರು ಈ ತೀರಕ್ಕೆ ಬಂದರು. 1505ರಲ್ಲಿ ಅವರ ವೈಸರಾಯ್ ಅಲ್ಮೇಡ ಹೊನ್ನಾವರದ ಮೇಲೆ ದಾಳಿ ಮಾಡಿ ಅಲ್ಲಿನ ಹಡಗುಗಳನ್ನು ಸುಟ್ಟ. 1510ರಲ್ಲಿ ಗೋವಾ ಅವರ ವಶವಾಯಿತು. 1542ರಲ್ಲಿ ಭಟ್ಕಳ ಬೆಂಕಿಗೆ ತುತ್ತಾಯಿತು. 1568-69ರಲ್ಲಿ ಮಂಗಳೂರು, ಹೊನ್ನಾವರಗಳಲ್ಲಿ ಅವರ ಕೋಟೆಗಳು ತಲೆಯೆತ್ತಿದವು. ದಾಳಿಗಳಿಗಿಂತಲೂ ಆಳವಾದ ಪೆಟ್ಟು ಕೊಟ್ಟದ್ದು ಅವರ ಪರವಾನಗಿ ಪದ್ಧತಿ. ಪೋರ್ಚುಗೀಸರಿಂದ ಕಾರ್ತಾಜ್ ಎಂಬ ರಹದಾರಿ ಪಡೆಯದ ಹಡಗನ್ನು ಸರಕಿನೊಂದಿಗೆ ಮುಟ್ಟುಗೋಲು ಹಾಕಲಾಗುತ್ತಿತ್ತು. ಎಲ್ಲರಿಗೂ ತೆರೆದಿದ್ದ ಕಡಲು ಅಪ್ಪಣೆ ಬೇಡುವ ಕಡಲಾಯಿತು.

ಪ್ರತಿರೋಧ ಇರಲಿಲ್ಲವೆಂದಲ್ಲ. ಪೋರ್ಚುಗೀಸರಿಗೆ ಮಣಿಯದ ಉಳ್ಳಾಲದ ರಾಣಿ ಅಬ್ಬಕ್ಕನ ಪಡೆಯಲ್ಲಿ ಮೊಗವೀರರೊಂದಿಗೆ ಬ್ಯಾರಿಗಳೂ ಹೋರಾಡಿದರೆಂಬುದನ್ನು ಕರಾವಳಿಯ ಜನ ಇಂದಿಗೂ ಹೆಮ್ಮೆಯಿಂದ ನೆನೆಯುತ್ತಾರೆ. ಆದರೆ ದೂರದ ಸಮುದ್ರ ವ್ಯಾಪಾರ ಕುಗ್ಗಿದಂತೆ, ಅದನ್ನೇ ನಂಬಿದ್ದ ಜನ ದಲ್ಲಾಳಿಗಳಾಗಿ, ಸಂತೆಯ ಚಿಲ್ಲರೆ ವ್ಯಾಪಾರಿಗಳಾಗಿ, ಗೇಣಿದಾರರಾಗಿ ಒಳನಾಡಿಗೆ ಹರಡಿದರು. ವ್ಯಾಪಾರದ ಲಾಭದಿಂದ ನಡೆಯುತ್ತಿದ್ದ ಶಾಲೆಗಳು ಆ ಲಾಭವೇ ಬತ್ತಿದ ಮೇಲೆ ಏನಾದವೆಂದು ಊಹಿಸುವುದು ಕಷ್ಟವಲ್ಲ.

ಆದರೆ ಎಲ್ಲ ಹೊಣೆಯನ್ನೂ ಪೋರ್ಚುಗೀಸರ ಮೇಲೆ ಹೊರಿಸಿ ನಾವು ಸುಮ್ಮನಾಗುವಂತಿಲ್ಲ. 19ನೇ ಶತಮಾನದಲ್ಲಿ ವಿದ್ಯೆಯ ಹೊಸ ಬಾಗಿಲುಗಳು ನಮ್ಮ ಮನೆಯ ಬಳಿಯೇ ತೆರೆದವು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಶಾಲೆಗಳನ್ನೂ ಮುದ್ರಣಾಲಯವನ್ನೂ ಕಟ್ಟಿತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಅಲ್ಲಿಂದಲೇ ಹೊರಬಂತು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಈ ಬಾಗಿಲುಗಳನ್ನು ಪ್ರವೇಶಿಸಿದವರಲ್ಲಿ ನಮ್ಮವರು ಬಹಳ ಕಡಿಮೆ. ಮಿಶನರಿ ಶಾಲೆಗೆ ಹೋದರೆ ಮಕ್ಕಳು ಧರ್ಮ ಬಿಟ್ಟಾರು ಎಂಬ ಭಯ ಒಂದು ಕಾರಣ. ಅಂಗಡಿಯಲ್ಲಿ, ಹೊಲದಲ್ಲಿ ಮಗನ ಕೈ ಬೇಕಿದ್ದ ಬಡತನ ಇನ್ನೊಂದು. ಮೂರನೆಯದು ಭಾಷೆ. ಮನೆಯಲ್ಲಿ ಬ್ಯಾರಿ ಅಥವಾ ನವಾಯತಿ, ಮದ್ರಸದಲ್ಲಿ ಅರಬ್ಬಿ ಲಿಪಿ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆ ಕಾಲದ ನಮ್ಮ ಹಿರಿಯರೆಲ್ಲ ನಿರಕ್ಷರಿಗಳಾಗಿರಲಿಲ್ಲ. ಕುರ್‌ಆನ್ ಓದಬಲ್ಲ, ಅರಬ್ಬಿ-ಮಲಯಾಳಂ ಲಿಪಿಯ ಮಾಲೆ ಹಾಡುಗಳನ್ನು ಓದಬಲ್ಲ ತಾಯಂದಿರು ಬ್ಯಾರಿ ಮನೆಗಳಲ್ಲಿದ್ದರು. ಆದರೆ ಆ ಅಕ್ಷರದಿಂದ ಗೇಣಿಚೀಟಿಯನ್ನಾಗಲಿ, ಕೋರ್ಟಿನ ನೋಟೀಸನ್ನಾಗಲಿ ಓದಲು ಬರುತ್ತಿರಲಿಲ್ಲ. ಒಂದು ಅಕ್ಷರ ಪರಲೋಕಕ್ಕೆ, ಇನ್ನೊಂದು ಇಹಲೋಕಕ್ಕೆ ಎಂದು ವಿದ್ಯೆ ಎರಡಾಗಿ ಒಡೆದುಹೋಯಿತು. ನಮ್ಮ ಹಿಂದುಳಿಯುವಿಕೆಯ ಮೂಲ ಈ ಒಡಕಿನಲ್ಲಿದೆ.

ಮತ್ತೆ ಎಚ್ಚೆತ್ತ ಕಾಲ

1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತು, ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಒಂದೇ ಕರಾವಳಿಯ ಜನ ಎರಡು ಆಡಳಿತಗಳ ಕೆಳಗೆ ಬೇರೆಯಾದರು. 1956ರಲ್ಲಿ ಎರಡೂ ಜಿಲ್ಲೆಗಳು ಮೈಸೂರು ರಾಜ್ಯದಲ್ಲಿ ಒಂದಾದರೂ ಕಾಸರಗೋಡು ಕೇರಳದ ಪಾಲಾಯಿತು. ಹೀಗಾಗಿ ವಿದ್ಯೆಯ ಜಾಗೃತಿಯೂ ಒಂದೇ ವೇಗದಲ್ಲಿ ನಡೆಯಲಿಲ್ಲ.

ಭಟ್ಕಳದಲ್ಲಿ 1919ರಲ್ಲಿ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸ್ಥಾಪನೆಯಾಯಿತು. ಅದು ಶಾಲೆಯಿಂದ ಕಾಲೇಜಿಗೆ, ಕಾಲೇಜಿನಿಂದ ಇಂಜಿನಿಯರಿಂಗ್ ಶಿಕ್ಷಣಕ್ಕೆ ಬೆಳೆಯಿತು. 1962ರಲ್ಲಿ ಅದೇ ಊರಿನಲ್ಲಿ ಜಾಮಿಯಾ ಇಸ್ಲಾಮಿಯಾ ಆರಂಭವಾಯಿತು. ದಕ್ಷಿಣದಲ್ಲಿ 1974ರ ಭೂಸುಧಾರಣೆಯಿಂದ ಗೇಣಿದಾರರಾಗಿದ್ದ ಹಲವು ಬ್ಯಾರಿ ಕುಟುಂಬಗಳಿಗೂ ತುಂಡು ಭೂಮಿ ಸಿಕ್ಕಿತು. ಅದೇ ದಶಕದಲ್ಲಿ ಕೊಲ್ಲಿ ರಾಷ್ಟ್ರಗಳ ದುಡಿಮೆಯ ಹಾದಿ ತೆರೆಯಿತು. ನಾಲ್ಕು ಶತಮಾನಗಳ ಹಿಂದೆ ಅರಬ್ಬಿ ಕಡಲಿನಲ್ಲಿ ಕಳೆದುಕೊಂಡದ್ದು ಅದೇ ಕಡಲಿನಾಚೆಯಿಂದ ಮರಳತೊಡಗಿತು. ಆ ಹಣದ ಒಂದು ಪಾಲು ಮನೆ, ಮಸೀದಿಗಳಿಗೆ ಹೋಯಿತು; ಇನ್ನೊಂದು ಪಾಲು ಶಾಲೆಗಳಿಗೂ ಬಂತು. ಮಂಗಳೂರಿನ ಯೇನೆಪೋಯ ಸಂಸ್ಥೆ 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾದುದು ಈ ಬೆಳವಣಿಗೆಯ ಒಂದು ಮೈಲಿಗಲ್ಲು. 2009ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಸ್ಥಾಪನೆಯಾಗಿ, ಮನೆಮಾತಿಗೂ ಮಾನ್ಯತೆ ದೊರೆಯಿತು.

ಹೆಣ್ಣುಮಕ್ಕಳ ಪಾಲು ಮಾತ್ರ ತಡವಾಗಿ ಬಂತು. ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್, ಕನ್ನಡ ಶಾಲೆಯಲ್ಲಿ ಓದಿದ ಅಲ್ಲಿನ ಮೊದಲ ಮುಸ್ಲಿಂ ಹುಡುಗಿಯರಲ್ಲಿ ಒಬ್ಬರು. ಮುಂದೆ ಓದುವ ಆಸೆಯಿದ್ದರೂ ಸಮುದಾಯದ ಕಟ್ಟುಪಾಡು ಅಡ್ಡಬಂತು. ಆದರೂ ಅವರು 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ಬರೆದು ಕನ್ನಡದ ಪ್ರಮುಖ ಲೇಖಕಿಯರಾದರು. 2023ರಲ್ಲಿ ನಿಧನರಾದ ಅವರ ವಿಚಾರಗಳನ್ನು ಎಲ್ಲರೂ ಒಪ್ಪಲಿಲ್ಲ. ಆದರೆ ಒಂದು ಪ್ರಶ್ನೆಯಿಂದ ನಾವು ತಪ್ಪಿಸಿಕೊಳ್ಳಲಾರೆವು. 1342ರಲ್ಲಿ 13 ಶಾಲೆಗಳಿದ್ದ ತೀರದಲ್ಲಿ, ಆರು ಶತಮಾನಗಳ ಬಳಿಕ ಒಬ್ಬ ಹುಡುಗಿ ಶಾಲೆಗೆ ಹೋದುದು ಸುದ್ದಿಯಾಗಬೇಕಾಯಿತೇಕೆ?

ಇತಿಹಾಸದ ಪಾಠ

2006ರ ಸಾಚಾರ್ ಸಮಿತಿಯ ವರದಿ, 2001ರ ಜನಗಣತಿಯಂತೆ ದೇಶದ ಸಾಕ್ಷರತೆ ಶೇ. 65.1 ಇದ್ದಾಗ ಮುಸ್ಲಿಮರದು ಶೇ. 59.1 ಎಂದು ತೋರಿಸಿತು. ಮದ್ರಸಗಳಲ್ಲೇ ಪೂರ್ಣಾವಧಿ ಓದುವ ಮಕ್ಕಳು ಬಹಳ ಕಡಿಮೆ, ಪೋಷಕರು ಬಯಸುವುದು ಹತ್ತಿರದ ಒಳ್ಳೆಯ ಶಾಲೆಯನ್ನೇ ಎಂಬುದನ್ನೂ ಅದು ಸ್ಪಷ್ಟಪಡಿಸಿತು. ನಮ್ಮಲ್ಲಿ ಓದಿನ ಹಸಿವು ಇಲ್ಲವೆಂಬ ಮಾತು ಹಿಂದೆಯೂ ಸುಳ್ಳು, ಈಗಲೂ ಸುಳ್ಳು.

ವಿದ್ಯಾರ್ಥಿ ಮಿತ್ರರೇ, ಈ ಇತಿಹಾಸದಿಂದ ನಾವು ಎರಡು ಪಾಠಗಳನ್ನು ಕಲಿಯಬಹುದು. ಮೊದಲನೆಯದು, ಲಾಭದ ಕಾಲದಲ್ಲೇ ವಿದ್ಯೆಗೆ ಶಾಶ್ವತ ನಿಧಿ ಮೀಸಲಿಡಬೇಕು. ಒಂದೇ ಆದಾಯವನ್ನು ನಂಬಿದ ಶಾಲೆ ಆ ಆದಾಯದೊಂದಿಗೇ ಮುಳುಗುತ್ತದೆ. ಹಿಂದೆ ಹಡಗು ಇದ್ದಂತೆ ಇಂದು ಕೊಲ್ಲಿಯ ಸಂಬಳ ಇದೆ, ಅದೂ ಶಾಶ್ವತವಲ್ಲ. ಎರಡನೆಯದು, ಮಗಳ ಓದಿಗೆ ಕೊನೆಯ ಸಾಲಿನ ಜಾಗ ಕೊಟ್ಟ ಸಮುದಾಯ ತಾನೇ ಕೊನೆಯ ಸಾಲಿಗೆ ಸರಿಯುತ್ತದೆ.

ಇನ್ನೊಂದು ಕೆಲಸ ನಿಮ್ಮ ಕೈಯಲ್ಲೇ ಇದೆ. ಹೊನ್ನಾವರದ ಶಾಲೆಗಳ ವಿಷಯ ನಮಗೆ ತಿಳಿದದ್ದು ದೂರದೇಶದ ಒಬ್ಬ ಪ್ರವಾಸಿ ಬರೆದಿಟ್ಟದ್ದರಿಂದ. ನಿಮ್ಮ ಊರಿನ ಜಮಾಅತಿನ ಹಳೆಯ ಲೆಕ್ಕಪುಸ್ತಕ, ಕಬರಸ್ತಾನದ ಕಲ್ಲುಬರಹ, ಅಜ್ಜಿಯರು ಹಾಡುವ ಮಾಲೆ ಹಾಡು, ಊರಿನ ಮೊದಲ ಶಾಲೆಯ ಹಾಜರಿ ಪುಸ್ತಕ ಇವೆಲ್ಲ ಇತಿಹಾಸದ ಆಕರಗಳೇ. ಬರುವ ರಜೆಯಲ್ಲಿ ಒಂದು ನೋಟುಪುಸ್ತಕ ಹಿಡಿದು ಹಿರಿಯರ ಬಳಿ ಕುಳಿತುಕೊಳ್ಳಿ. ನಿಮ್ಮ ಮನೆತನದಲ್ಲಿ ಮೊದಲು ಶಾಲೆಗೆ ಹೋದವರು ಯಾರು, ಯಾವ ವರ್ಷ, ಎಷ್ಟನೇ ತರಗತಿಗೆ ಓದು ನಿಂತಿತು, ಏಕೆ ನಿಂತಿತು ಎಂದು ಕೇಳಿ ಬರೆದಿಟ್ಟುಕೊಳ್ಳಿ.